ಕಮಾನಿನ ಒದೆತ: ಉತ್ತರ ಫ್ರಾನ್ಸಿನ ಚರ್ಚುಗಳಲ್ಲಿ ಏಳು ದಿನ

ಹಾಸನದ ಕಡೆಯವರಿಗೆ ಶೆಟ್ಟಿಹಳ್ಳಿಯ ಚರ್ಚನ್ನು ಪರಿಚಯಿಸಬೇಕಾಗಿಲ್ಲ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಕಟ್ಟಡ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದೆ. ಸೂರು ಹೋಗಿ ಎಷ್ಟೋ ಕಾಲವಾಗಿದೆ; ಕಮಾನುಗಳು ಮಾತ್ರ ನೀರಿನ ಮೇಲೆ ನಿಂತಿವೆ. ಸೇತುವೆ ಕಟ್ಟುವ ಕೆಲಸದಲ್ಲಿ ಮೂವತ್ತೆರಡು ವರ್ಷ ಕಳೆದ ನನಗೆ ಆ ಪಾಳುಗೋಡೆಗಳನ್ನು ನೋಡಿದಾಗಲೆಲ್ಲ ಏಳುತ್ತಿದ್ದುದು ಒಂದೇ ಪ್ರಶ್ನೆ. ಕಮಾನು ತನ್ನ ಭಾರವನ್ನು ನೆಟ್ಟಗೆ ಕೆಳಕ್ಕೆ ಇಳಿಸುವುದಿಲ್ಲ, ಎರಡು ಬದಿಗೂ ಒದೆಯುತ್ತದೆ. ಆ ಒದೆತವನ್ನು ಯಾವುದಾದರೂ ಒಂದು ಹಿಡಿದು ನಿಲ್ಲಿಸಲೇಬೇಕು. ನಮ್ಮ ಹೊಯ್ಸಳ ಶಿಲ್ಪಿಗಳಿಗೆ ಈ ತಾಪತ್ರಯವಿರಲಿಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ, ಭಾರವೆಲ್ಲ ನೇರ ನೆಲಕ್ಕೆ. ಆದರೆ ಕಲ್ಲಿನ ತೊಲೆಯನ್ನು ಬಹಳ ಉದ್ದ ಚಾಚಿದರೆ ನಡುವೆ ಸೀಳುತ್ತದೆ. ಆದ್ದರಿಂದ ಹೆಜ್ಜೆಹೆಜ್ಜೆಗೂ ಕಂಬ ಬೇಕು. ಕಂಬಗಳಿಲ್ಲದ ಅಗಲವಾದ, ಎತ್ತರವಾದ ಜಾಗ ಬೇಕೆಂದರೆ ಕಮಾನಿಗೇ ಶರಣಾಗಬೇಕು, ಅದರ ಒದೆತವನ್ನೂ ಕಟ್ಟಿಕೊಳ್ಳಬೇಕು.

ಮಗಳು ಪ್ಯಾರಿಸ್ಸಿನ ಹೊರವಲಯದಲ್ಲಿ ಕೆಲಸಕ್ಕಿರುವುದರಿಂದ 2025ರ ಸೆಪ್ಟೆಂಬರಿನಲ್ಲಿ ನಾನೂ ನನ್ನಾಕೆಯೂ ಅವಳ ಮನೆಯಲ್ಲಿ ಬಿಡಾರ ಹೂಡಿದೆವು. ಚೂಪುಕಮಾನುಗಳ ಎತ್ತರದ ಚರ್ಚುಗಳನ್ನು ಕಟ್ಟಿದ ಗಾಥಿಕ್ ಶೈಲಿ ಹುಟ್ಟಿ ಬೆಳೆದದ್ದು ಪ್ಯಾರಿಸ್ಸಿನ ಸುತ್ತಲಿನ ಸೀಮೆಯಲ್ಲೇ. ನಮ್ಮ ಊರಿನ ಲೆಕ್ಕದಲ್ಲಿ ಹಾಸನದಿಂದ ಬೆಂಗಳೂರಿಗೆ ಹೋಗಿಬರುವಷ್ಟು ದೂರದೊಳಗೆ ಅದರ ಹುಟ್ಟು, ಏಳಿಗೆ, ಕುಸಿತ ಮೂರನ್ನೂ ನೋಡಬಹುದು. ಐಫೆಲ್ ಗೋಪುರಕ್ಕೆ ನನ್ನಾಕೆ ಮಗಳೊಂದಿಗೆ ಬೇರೆ ದಿನ ಹೋದಳು. ಉಳಿದ ಏಳು ದಿನಗಳ ಟಿಪ್ಪಣಿ ಇದು.

ಮೊದಲ ದಿನ, ಬುಧವಾರ: ಸ್ಯಾಂ ಜೆರ್ಮ್ಯಾಂ ದೆ ಪ್ರೆ

ಪ್ರಯಾಣದ ಆಯಾಸವಿನ್ನೂ ಇಳಿದಿರಲಿಲ್ಲವಾದ್ದರಿಂದ ನಗರದೊಳಗಿನ ಈ ಹಳೆಯ ಮಠದ ಚರ್ಚನ್ನಷ್ಟೇ ನೋಡಿದೆವು. ಮಠ ಆರನೆಯ ಶತಮಾನದ್ದು. ಈಗಿರುವ ಪಶ್ಚಿಮದ ಗಂಟೆಗೋಪುರ ಕ್ರಿ.ಶ. 1000ದ ಆಸುಪಾಸಿನದು. ಆ ಗೋಪುರದ ಬುಡದಲ್ಲಿ ನಿಂತು ಗೋಡೆಯ ದಪ್ಪ ನೋಡಿದರೆ ಕೋಟೆಯ ಬತೇರಿ ನೆನಪಾಗುತ್ತದೆ. ಗಾಥಿಕ್‌ಗೂ ಹಿಂದಿನ ರೋಮನೆಸ್ಕ್ ಶೈಲಿಯ ಉತ್ತರ ಇಷ್ಟೇ: ಕಮಾನು ಒದೆಯುತ್ತದೆಯೇ, ಹಾಗಾದರೆ ಗೋಡೆಯನ್ನು ಇನ್ನೂ ದಪ್ಪಗೆ ಕಟ್ಟು, ಕಿಟಕಿಯನ್ನು ಚಿಕ್ಕದು ಮಾಡು. ಅರ್ಧವೃತ್ತದ ಕಮಾನಿನ ಕಟ್ಟಡಗಳಲ್ಲಿ ಕತ್ತಲು ಕವಿದಿರುವುದು ಕಟ್ಟಿದವರ ಭಕ್ತಿಯ ಗಾಂಭೀರ್ಯದಿಂದಲ್ಲ, ಗೋಡೆಗೆ ತೂತು ಕೊರೆಯಲು ಅವರಿಗಿದ್ದ ಭಯದಿಂದ ಎಂದು ನಾನು ಹೇಳಿದ್ದನ್ನು ನನ್ನಾಕೆ ಒಪ್ಪಲಿಲ್ಲ. "ಗರ್ಭಗುಡಿಯಲ್ಲಿ ಕತ್ತಲೆ ಬೇಕೂಂತಲೇ ಇಡ್ತಾರಲ್ಲ ರೀ" ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಇದೇ ಚರ್ಚಿನ ಪೂರ್ವಭಾಗಕ್ಕೆ ನಡೆದರೆ ಹೊಸ ಕಾಲ ಕಣ್ಣಿಗೆ ಬೀಳುತ್ತದೆ. 1163ರಲ್ಲಿ ಪೋಪ್ ಮೂರನೆಯ ಅಲೆಕ್ಸಾಂಡರ್ ಪ್ರತಿಷ್ಠಾಪಿಸಿದ ಆ ಭಾಗದಲ್ಲಿ ಚೂಪುಕಮಾನುಗಳಿವೆ, ಕಂಬಗಳು ತೆಳ್ಳಗಾಗಿವೆ. ಆರನೆಯ ಶತಮಾನದ ಅಮೃತಶಿಲೆಯ ಸಣ್ಣ ಕಂಬಗಳನ್ನೂ ಎಸೆಯದೆ ಮೇಲಿನ ಸಾಲಿನಲ್ಲಿ ಬಳಸಿಕೊಂಡಿದ್ದಾರೆ. ಹಳೆಮನೆ ಬಿಚ್ಚಿ ಹೊಸಮನೆಗೆ ಅದೇ ತೊಲೆಬಾಗಿಲು ಹಾಕುವ ನಮ್ಮ ಹಳ್ಳಿಯವರ ಬುದ್ಧಿ ಇಲ್ಲಿಯೂ ಇತ್ತು.

ಎರಡನೆಯ ದಿನ, ಗುರುವಾರ: ಸ್ಯಾಂ ದೆನಿ

ಮೆಟ್ರೋದ 13ನೇ ಮಾರ್ಗದಲ್ಲಿ ಉತ್ತರಕ್ಕೆ ಹೋಗಿ ಇಳಿದರೆ ಸಂತೆಯಂತಹ ಗದ್ದಲದ ಪೇಟೆ. ಅದರ ನಡುವೆ ಫ್ರಾನ್ಸಿನ ಬಹುಪಾಲು ದೊರೆಗಳು ಮಣ್ಣಾದ ಬೆಸಿಲಿಕ. ಪ್ಯಾರಿಸ್ಸಿನ ಮೊದಲ ಬಿಷಪ್ಪನಾಗಿದ್ದ ಸಂತ ದೆನಿಯ ತಲೆ ಕಡಿದಾಗ ಆತ ಅದನ್ನು ಕೈಯಲ್ಲಿ ಹಿಡಿದು ಇಲ್ಲಿಯವರೆಗೆ ನಡೆದುಬಂದನೆಂಬುದು ಐತಿಹ್ಯ. ಮುಂಭಾಗ ನೋಡಿದೊಡನೆ ಏನೋ ಊನವೆನಿಸುತ್ತದೆ, ಏಕೆಂದರೆ ಎರಡಿರಬೇಕಾದ ಗೋಪುರಗಳಲ್ಲಿ ಬಲಗಡೆಯದೊಂದೇ ಇದೆ. ಎಡಗಡೆಯ ಗೋಪುರಕ್ಕೆ 1837ರಲ್ಲಿ ಸಿಡಿಲು ಬಡಿಯಿತು. ಅದನ್ನು ದುರಸ್ತಿ ಮಾಡಿದವರು ಮೊದಲಿಗಿಂತ ಭಾರವಾದ ಕಲ್ಲು ಬಳಸಿದ್ದರಿಂದ ಕೆಳಗಿನ ಗೋಡೆಗಳು ಬಿರುಕುಬಿಟ್ಟವು. 1845ರ ಬಿರುಗಾಳಿಯ ನಂತರ ಇಡೀ ಗೋಪುರವನ್ನೇ ಬಿಚ್ಚಿ ಇಳಿಸಬೇಕಾಯಿತು. ದುರಸ್ತಿಯೇ ಕಟ್ಟಡಕ್ಕೆ ಮುಳುವಾದ ಕಥೆಗಳು ನನ್ನ ವೃತ್ತಿಯಲ್ಲೂ ಬೇಕಾದಷ್ಟಿವೆ. ಬಿಚ್ಚಿದ ಗೋಪುರವನ್ನು ಮತ್ತೆ ಕಟ್ಟುವ ಕೆಲಸ ಈಗ ಆರಂಭವಾಗಿದೆ.

ಈ ಕಟ್ಟಡದ ಹಿಂದಿರುವ ವ್ಯಕ್ತಿ ಮಠಾಧಿಪತಿ ಸುಜೇರ್. ಸಾಮಾನ್ಯ ಮನೆತನದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮಠ ಸೇರಿ, ಇಬ್ಬರು ದೊರೆಗಳಿಗೆ ಮಂತ್ರಾಲೋಚನೆ ಹೇಳುವಷ್ಟು ಬೆಳೆದವನು. ಪಶ್ಚಿಮದ ಮುಂಭಾಗವನ್ನು 1140ರಲ್ಲೂ ಪೂರ್ವದ ಪೂಜಾಭಾಗವನ್ನು 1144ರ ಜೂನ್ 11ರಂದೂ ಪ್ರತಿಷ್ಠೆ ಮಾಡಿಸಿದ. ಬೇಲೂರಿನ ಚೆನ್ನಕೇಶವ ಗುಡಿ 1117ರದು. ವಿಷ್ಣುವರ್ಧನನೂ ಸುಜೇರನೂ ಒಂದೇ ಕಾಲದವರು ಎಂಬುದು ಮನಸ್ಸಿನಲ್ಲಿದ್ದರೆ ಒಳಗೆ ಕಾಲಿಡುವುದರ ರುಚಿಯೇ ಬೇರೆ. ಬೇಲೂರಿನ ಬಳಪದ ಕಲ್ಲಿನಂತೆಯೇ ಪ್ಯಾರಿಸ್ ಸೀಮೆಯ ಸುಣ್ಣದ ಕಲ್ಲೂ ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಒಂದೇ ಬಗೆಯ ಅನುಕೂಲವನ್ನು ಬೇಲೂರಿನವರು ಕೆತ್ತನೆಗೆ ಸುರಿದರು, ಸುಜೇರನ ಮೇಸ್ತ್ರಿಗಳು ಬೆಳಕಿಗೆ ದಾರಿ ಬಿಡಲು ಬಳಸಿದರು.

ಪೂಜಾವೇದಿಕೆಯ ಹಿಂದಿನ ಪ್ರದಕ್ಷಿಣಾ ಪಥದಲ್ಲಿ ನಾನು ಮುಕ್ಕಾಲು ಗಂಟೆ ನಿಂತೆ. ಎರಡು ಸುತ್ತಿನ ಆ ಹಾದಿಯ ನಡುವೆ ಇರುವುದು ಒಂದೇ ಸಾಲು ತೆಳುಗಂಬ, ತೋಳಿನಲ್ಲಿ ತಬ್ಬಿಕೊಳ್ಳಬಹುದಾದಂಥವು. ಹೊರಗಿನ ಸುತ್ತಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಪುಟ್ಟ ಪೂಜಾಕೋಣೆಗಳಿದ್ದು ಅವುಗಳ ನಡುವೆ ಇರಬೇಕಾದ ಗೋಡೆ ಕರಗಿಹೋಗಿದೆ. ಗೋಡೆಯ ಜಾಗದಲ್ಲಿ ಬಣ್ಣದ ಗಾಜಿದೆ. ಇದು ಸಾಧ್ಯವಾದದ್ದು ಎರಡು ಉಪಾಯಗಳಿಂದ. ಮೊದಲನೆಯದು ಚೂಪುಕಮಾನು: ಅರ್ಧವೃತ್ತದ ಕಮಾನಿನ ಎತ್ತರ ಅದರ ಅಗಲಕ್ಕೆ ಕಟ್ಟುಬಿದ್ದಿರುತ್ತದೆ, ಚೂಪುಕಮಾನಿನದು ಹಾಗಲ್ಲ, ಅಗಲ ಹೆಚ್ಚುಕಮ್ಮಿಯಾದರೂ ನೆತ್ತಿಯನ್ನು ಒಂದೇ ಮಟ್ಟಕ್ಕೆ ತರಬಹುದು, ಒದೆತವೂ ಕಡಿಮೆ. ಎರಡನೆಯದು ಮಾಡಿನ, ಎಂದರೆ ಕಲ್ಲಿನ ಕಮಾನುಚಾವಣಿಯ, ಅಡಿಯಲ್ಲಿ ಕೊಡೆಯ ಕಡ್ಡಿಗಳಂತೆ ಹಾಯುವ ಏಣುಕಮಾನುಗಳು. ಈ ಏಣುಗಳನ್ನು ಮೊದಲು ಕಟ್ಟಿ, ಆಮೇಲೆ ನಡುವಿನ ತೆಳುಕಲ್ಲಿನ ಹೊದಿಕೆಯನ್ನು ತುಂಬುತ್ತಿದ್ದರು. ಇದಕ್ಕೆ ಸುಜೇರನ ಬರಹವೇ ಸಾಕ್ಷಿ. ಹೊದಿಕೆಯಿನ್ನೂ ತುಂಬದ, ಯಾವ ಆಸರೆಯೂ ಇಲ್ಲದ ಬರಿಯ ಏಣುಗಳು ಬಿರುಗಾಳಿಯೊಂದಕ್ಕೆ ಸಿಕ್ಕಿ ನಡುಗಿ ತೂಗಾಡಿದವೆಂದೂ, ಗಟ್ಟಿಯಾದ ಎಷ್ಟೋ ಕಟ್ಟಡಗಳು ಆ ಗಾಳಿಗೆ ಹಾಳಾದರೂ ಇವು ಬೀಳಲಿಲ್ಲವೆಂದೂ ಆತ ಬರೆದಿದ್ದಾನೆ. ಆತ ಅದನ್ನು ಪವಾಡವೆಂದ. ಸೆಂಟ್ರಿಂಗ್ ಬಿಚ್ಚಿದ ರಾತ್ರಿ ಮಳೆಗಾಳಿ ಎದ್ದು ನಿದ್ದೆಯಿಲ್ಲದೆ ಕಳೆದ ಅನುಭವವಿರುವ ನಾನು ಆ ಮಾತನ್ನು ನಗೆಯಾಡಲಾರೆ.

ಸುಜೇರನ ಮತ್ತೊಂದು ಪ್ರಸಂಗವೂ ನನಗೆ ಅಚ್ಚುಮೆಚ್ಚು. ಸೂರಿಗೆ ಉದ್ದನೆಯ ತೊಲೆಗಳು ಬೇಕಾದಾಗ ಬಡಗಿಗಳೂ ಕಾಡು ಕಾಯುವವರೂ ಅಂಥ ಮರ ಈ ಸೀಮೆಯಲ್ಲೇ ಇಲ್ಲವೆಂದು ಕೈಚೆಲ್ಲಿದರಂತೆ. ಆತ ರಾತ್ರಿಯೆಲ್ಲ ಯೋಚಿಸಿ, ಬೆಳಗ್ಗೆ ತೊಲೆಗಳ ಅಳತೆ ಹಿಡಿದು ತಾನೇ ಕಾಡಿಗೆ ಹೊರಟು, ಬೇಕಾದ ಹನ್ನೆರಡು ಮರಗಳನ್ನು ಹುಡುಕಿಯೇ ಬಂದ. ಗುತ್ತಿಗೆದಾರರ "ಸ್ಟಾಕ್ ಇಲ್ಲ ಸಾರ್" ಎಂಬ ಮಾತನ್ನು ನಂಬದ ಮೇಲಧಿಕಾರಿ ಎಲ್ಲ ಕಾಲದಲ್ಲೂ ಇರುತ್ತಾನೆ. ಬಣ್ಣದ ಗಾಜಿನ ಕಿಟಕಿಯೊಂದರಲ್ಲಿ ಯೇಸುವಿನ ತಾಯಿ ಮರಿಯಮ್ಮನ ಪಾದದ ಬಳಿ ಅಡ್ಡಬಿದ್ದ ತನ್ನದೇ ಚಿತ್ರವನ್ನು ಹೆಸರಿನ ಸಮೇತ ಬರೆಸಿಕೊಂಡಿದ್ದಾನೆ. ವಿನಯವೂ ಹೌದು, ಜಾಹೀರಾತೂ ಹೌದು.

ದೊರೆಗಳ ಸಮಾಧಿಗಳನ್ನು ಬೇಗ ನೋಡಿ ಮುಗಿಸಿದೆವು. 1793ರಲ್ಲಿ ಕ್ರಾಂತಿಕಾರರು ಗೋರಿಗಳನ್ನು ಅಗೆದು ಮೂಳೆಗಳನ್ನು ಹೊರಗಿನ ಗುಂಡಿಗೆ ಸುರಿದಿದ್ದರಿಂದ ಇಲ್ಲಿ ಮಲಗಿರುವವರಲ್ಲಿ ಹೆಚ್ಚಿನವರು ಕಲ್ಲಿನ ವಿಗ್ರಹಗಳಷ್ಟೇ.

ಮೂರನೆಯ ದಿನ, ಶುಕ್ರವಾರ: ಶಾರ್ತ್ರ್

ಮೊಂಪಾರ್ನಾಸ್ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು. ಗೋಧಿ ಕೊಯ್ದ ಬಯಲಿನ ಅಂಚಿನಲ್ಲಿ ಮೊದಲು ಎರಡು ಶಿಖರಗಳು ಏಳುತ್ತವೆ, ಊರು ಆಮೇಲೆ ಕಾಣುತ್ತದೆ. ಶಿಖರಗಳು ಜೋಡಿಯಲ್ಲ. ದಕ್ಷಿಣದ್ದು 12ನೇ ಶತಮಾನದ್ದು, ಸುಮಾರು 105 ಮೀಟರ್, ಒಂದೂ ಹೆಚ್ಚಿನ ಗೆರೆಯಿಲ್ಲದ ಸಾದಾ ಮೊನೆ. ಉತ್ತರದ್ದನ್ನು 16ನೇ ಶತಮಾನದ ಆರಂಭದಲ್ಲಿ ಜೆಆಂ ದ ಬೋಸ್ ಎಂಬ ಶಿಲ್ಪಿ ಕಟ್ಟಿದ. ಇನ್ನೂ ಎತ್ತರ, ಮೈತುಂಬ ಕುಸುರಿ. ನನಗೆ ದಕ್ಷಿಣದ್ದು ಹಿಡಿಸಿತು, ನನ್ನಾಕೆಗೆ ಉತ್ತರದ್ದು. ಹೊಯ್ಸಳರ ನಾಡಿನಲ್ಲಿ ಹುಟ್ಟಿದವಳು ಕುಸುರಿಯ ಪಕ್ಷ ವಹಿಸದೆ ಇರುತ್ತಾಳೆಯೇ.

1194ರ ಬೆಂಕಿಯಲ್ಲಿ ಹಳೆಯ ಚರ್ಚು ಸುಟ್ಟುಹೋಯಿತು; ಪಶ್ಚಿಮದ ಮುಂಭಾಗವೂ ನೆಲದಡಿಯ ವಿಶಾಲವಾದ ಮಂದಿರವೂ ಉಳಿದವು. ಮರಿಯಮ್ಮ ಉಟ್ಟದ್ದೆಂದು ಜನ ನಂಬುವ ಬಟ್ಟೆಯೊಂದು ಇಲ್ಲಿದೆ. 876ರಲ್ಲಿ ಚಕ್ರವರ್ತಿ ಬೋಳು ಚಾರ್ಲ್ಸ್ ಕೊಟ್ಟದ್ದು. ಬೆಂಕಿಯಲ್ಲಿ ಅದೂ ಹೋಯಿತೆಂದು ಊರು ಗೋಳಿಟ್ಟಿತು. ಕೆಲವು ದಿನಗಳ ಮೇಲೆ ನೆಲದಡಿಯ ಕೋಣೆಯಿಂದ ಅದನ್ನು ಹೊರತಂದಾಗ, ಇನ್ನೂ ದೊಡ್ಡ ಗುಡಿ ಬೇಕೆಂಬುದೇ ತಾಯಿಯ ಇಚ್ಛೆಯೆಂದು ಎಲ್ಲರೂ ತೀರ್ಮಾನಿಸಿದರು. ಹೊಸ ಕಟ್ಟಡದ ಮುಖ್ಯಭಾಗ ಮೂರು ದಶಕದೊಳಗೆ ಎದ್ದು ನಿಂತಿತು. ಅಷ್ಟು ಬೇಗ ಮುಗಿದದ್ದರಿಂದಲೇ ಅದಕ್ಕೆ ಒಂದೇ ಮನಸ್ಸಿನ ಏಕಾಗ್ರತೆಯಿದೆ.

ನನ್ನ ಪ್ರಶ್ನೆಗೆ ಉತ್ತರ ಹೊರಗಡೆ, ದಕ್ಷಿಣದ ಬದಿಯಲ್ಲಿತ್ತು. ಒಳಗಿನ ಮಾಡು ನೆಲದಿಂದ ಸುಮಾರು 37 ಮೀಟರ್ ಮೇಲಿದೆ. ಅದರ ಒದೆತ ಗೋಡೆಯಿಂದ ಹೊರಟು, ಪಕ್ಕದ ಅಂಕಣಗಳ ಸೂರಿನ ಮೇಲೆ ಗಾಳಿಯಲ್ಲೇ ಹಾರುವ ಅರ್ಧಕಮಾನುಗಳ ಮೂಲಕ ಸಾಗಿ, ದೂರದಲ್ಲಿ ನಿಂತ ದೈತ್ಯ ಕಲ್ಲುಗಂಬಗಳಿಗೆ ಸೇರಿ ನೆಲಕ್ಕಿಳಿಯುತ್ತದೆ. ಫ್ಲೈಯಿಂಗ್ ಬಟ್ರೆಸ್ ಎಂದು ಕಾಲೇಜಿನಲ್ಲಿ ಓದಿದ್ದು ಇದನ್ನೇ. ವಾಲಿದ ಮನೆಗೆ ಹೊರಗಿನಿಂದ ಊರೆ ಕೊಡುವ ಬುದ್ಧಿ ಹಳ್ಳಿಯ ಎಲ್ಲ ಬಡಗಿಗಳಿಗೂ ಗೊತ್ತು. ಇವರು ಹೊಸ ಕಟ್ಟಡಕ್ಕೇ ಕಲ್ಲಿನ ಊರೆ ಕೊಟ್ಟು ಕಟ್ಟಿದರು. ಹತ್ತಿರ ಹೋಗಿ ನೋಡಿದರೆ ಆ ಊರೆಯ ಎರಡು ಕಮಾನುಗಳ ನಡುವೆ ಗಾಡಿಚಕ್ರದ ಅರೆಕಾಲುಗಳಂತೆ ಗಿಡ್ಡ ಕಂಬಗಳನ್ನು ನೆಟ್ಟು ಬೆಸೆದಿದ್ದಾರೆ; ಅದರ ಮೇಲೆ ಮತ್ತೊಂದು ಕಮಾನು ಹಾಯ್ದಿದೆ. ಒದೆತವನ್ನು ಲೆಕ್ಕ ಹಾಕಲು ಬಾರದ ಕಾಲದಲ್ಲಿ, ಅಪಾಯ ಬೇಡವೆಂದು ಬೇಕಾದ್ದಕ್ಕಿಂತ ಹೆಚ್ಚೇ ಕಲ್ಲು ಹಾಕಿದ್ದಾರೆ. ಒಳಗೆ ನಿಂತವನಿಗೆ ಇದ್ಯಾವುದೂ ಕಾಣುವುದಿಲ್ಲ. ಗೋಡೆಯ ಬದಲು ಬೆಳಕು ನಿಂತಿರುವುದಷ್ಟೇ ಕಾಣುತ್ತದೆ.

ಆ ಬೆಳಕು ನೀಲಿ. 12 ಮತ್ತು 13ನೇ ಶತಮಾನದ ಗಾಜು ಇಷ್ಟು ಪ್ರಮಾಣದಲ್ಲಿ ಉಳಿದಿರುವುದು ಇಲ್ಲಿ, ಸುಮಾರು 2,600 ಚದರ ಮೀಟರ್. 1939ರಲ್ಲಿ ಯುದ್ಧ ಬಂದಾಗ ಅಷ್ಟನ್ನೂ ಬಿಚ್ಚಿ ಪೆಟ್ಟಿಗೆ ಕಟ್ಟಿ ಸಾಗಿಸಿದ್ದರು. 1944ರ ಆಗಸ್ಟಿನಲ್ಲಿ ಜರ್ಮನರು ಗೋಪುರದಲ್ಲಿ ಅಡಗಿದ್ದಾರೆಂಬ ಅನುಮಾನದಿಂದ ಅಮೆರಿಕದ ಸೇನೆ ಫಿರಂಗಿ ಹಾರಿಸಲು ಸಿದ್ಧವಾದಾಗ, ಕರ್ನಲ್ ವೆಲ್ಬರ್ನ್ ಗ್ರಿಫಿತ್ ಒಳಹೊಕ್ಕು ನೋಡಿ ಯಾರೂ ಇಲ್ಲವೆಂದು ತಿಳಿಸಿ ಆ ಆಜ್ಞೆಯನ್ನು ತಡೆದರು. ಅದೇ ದಿನ ಪಕ್ಕದ ಊರಿನ ಹೋರಾಟದಲ್ಲಿ ಸತ್ತರು.

ಕಿಟಕಿಗಳ ಕೆಳತುದಿಯನ್ನು ನೋಡಲು ಮರೆಯಬಾರದು. ಮೇಲೆಲ್ಲ ಸಂತರ ಕಥೆ. ಕೆಳಗಿನ ಚೌಕಗಳಲ್ಲಿ ರೊಟ್ಟಿ ಮಾರುವವರು, ತುಪ್ಪುಳದ ಬಟ್ಟೆ ಬಿಡಿಸಿ ತೋರಿಸುವ ವ್ಯಾಪಾರಿ, ಚಮ್ಮಾರರು, ಕಲ್ಲುಕುಟಿಗರು. ಪಶ್ಚಿಮದ ಮಹಾದ್ವಾರದ ಕಮಾನಿನಲ್ಲೂ ಇಂಥದೊಂದು ಬೆರಗಿದೆ: ಸಂಗೀತವಿದ್ಯೆಯ ಪ್ರತಿಮೆಯ ಕೆಳಗೆ ಪೈಥಾಗೊರಸ್ ಬೆನ್ನು ಬಾಗಿಸಿ ಕುಳಿತು ತನ್ನ ಕೆಲಸದಲ್ಲಿ ಮುಳುಗಿದ್ದಾನೆ. ಚರ್ಚಿನ ಬಾಗಿಲಿನಲ್ಲಿ ಗಣಿತಜ್ಞನಿಗೆ ಜಾಗ ಕೊಟ್ಟ ಊರನ್ನು ನಾನು ಮೆಚ್ಚದಿರಲಾರೆ.

ಶುಕ್ರವಾರವಾದ್ದರಿಂದ ನೆಲದ ಮೇಲಿನ ಕುರ್ಚಿಗಳನ್ನು ತೆಗೆದಿದ್ದರು. ಸುಮಾರು 13 ಮೀಟರ್ ಅಗಲದ ಚಕ್ರಬಿಂಬಕೋಟೆ ತೆರೆದಿತ್ತು. ಹನ್ನೊಂದು ಸುತ್ತಿನ ಹಾದಿ, ಒಟ್ಟು 260 ಮೀಟರಿಗೂ ಹೆಚ್ಚು. ಹಳೇಬೀಡಿನ ಗೋಡೆಯ ಚಕ್ರವ್ಯೂಹ ನೋಡಿದವರಿಗೆ ಇದು ಹೊಸದಲ್ಲ, ಆದರೆ ಇಲ್ಲಿ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಒಂದೇ ಹಾದಿ, ನಡುವಿಗೆ ಬಂದೆನೆಂದುಕೊಳ್ಳುವಾಗ ಮತ್ತೆ ಹೊರಸುತ್ತಿಗೆ ಎಸೆಯುತ್ತದೆ. ನನ್ನಾಕೆ ಬರಿಗಾಲಿನಲ್ಲಿ ನಡೆದು ಮುಗಿಸಿದಳು. ನಾನು ಮೇಲೆ ನೋಡುತ್ತಾ ನಾಲ್ಕನೆಯ ತಿರುವಿನಲ್ಲೇ ಗೆರೆ ದಾಟಿಬಿಟ್ಟೆ.

2009ರಿಂದ ನಡೆದ ದುರಸ್ತಿಯಲ್ಲಿ ಒಳಗೋಡೆಯ ಮಸಿ ತೆಗೆದು ತಿಳಿಹಳದಿ ಬಣ್ಣಕ್ಕೆ ತಂದಿರುವುದರ ಬಗ್ಗೆ ದೊಡ್ಡ ಜಗಳವಾಗಿದೆ. 13ನೇ ಶತಮಾನದಲ್ಲಿ ಗೋಡೆ ಹೀಗೆಯೇ ಇತ್ತು ಎಂಬುದು ದುರಸ್ತಿ ಮಾಡಿದವರ ವಾದ. ಕತ್ತಲೆಯಲ್ಲಿ ಉರಿಯುತ್ತಿದ್ದ ಗಾಜು ಈಗ ಮಂಕಾಯಿತೆಂಬುದು ವಿರೋಧಿಗಳದು. ನನ್ನ ಮಟ್ಟಿಗೆ ಮೊದಲಿನವರೇ ಸರಿ. ಮಸಿ ಯಾರ ಶೈಲಿಯೂ ಅಲ್ಲ.

ನಾಲ್ಕನೆಯ ದಿನ, ಶನಿವಾರ: ಸ್ಯಾಂತ್ ಶಪೆಲ್ ಮತ್ತು ನೋತ್ರ್ ದಾಮ್

ಬೆಳಗ್ಗೆ ಸ್ಯಾಂತ್ ಶಪೆಲ್‌ನ ಸಾಲಿನಲ್ಲಿ ಒಂದೂವರೆ ಗಂಟೆ. ಒಂಬತ್ತನೆಯ ಲೂಯಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯಿಂದ ಯೇಸುವಿನ ಮುಳ್ಳಿನ ಕಿರೀಟವನ್ನು 1,35,000 ಲೀವ್ರ್‌ಗಳಿಗೆ (ಆಗಿನ ಫ್ರೆಂಚ್ ಹಣ) ಪಡೆದು, ಅದನ್ನಿಡಲು ಈ ಮಂದಿರವನ್ನು ಸುಮಾರು 40,000 ಲೀವ್ರ್‌ಗಳಲ್ಲಿ ಕಟ್ಟಿಸಿದ. ಒಡವೆಗಿಂತ ಪೆಟ್ಟಿಗೆ ಅಗ್ಗವಾಯಿತು. ಪ್ರತಿಷ್ಠೆ 1248ರ ಏಪ್ರಿಲ್ 26ರಂದು. ಮೇಲಿನ ಮಹಡಿಯಲ್ಲಿ ಗೋಡೆಯೆಂಬುದೇ ಇಲ್ಲ: ಹದಿನೈದು ಕಿಟಕಿಗಳು, 1,113 ದೃಶ್ಯಗಳು. ಅದು ನಿಂತಿರುವುದು ಬರಿಯ ಕಲ್ಲಿನಿಂದಲ್ಲ. ಗಾಜಿನ ನಡುವೆ ಅಡ್ಡ ಹಾಯುವ ಕಬ್ಬಿಣದ ಸರಳುಗಳು ಒಂದಕ್ಕೊಂದು ಕೊಂಡಿಯಾಗಿ ಇಡೀ ಮಂದಿರಕ್ಕೆ ಪಟ್ಟಿ ಬಿಗಿದಿವೆ; ಗಾಜಿನ ಚೌಕಟ್ಟೆಂದು ನೋಡುವವರು ತಿಳಿದುಕೊಳ್ಳುತ್ತಾರೆ. ಕ್ರಾಂತಿಯ ನಂತರ ಇದು ಕಡತದ ಕೋಣೆಯಾಗಿ, ಬೀರುಗಳನ್ನಿಡಲು ಕಿಟಕಿಗಳ ಕೆಳಗಿನ ಎರಡು ಮೀಟರ್ ಗಾಜನ್ನು ಕಿತ್ತುಹಾಕಿದ್ದರಂತೆ. ಸರ್ಕಾರಿ ಕಡತ ಎಲ್ಲಿ ಹೋದರೂ ಕಡತವೇ.

ಮಧ್ಯಾಹ್ನ ನೋತ್ರ್ ದಾಮ್. 1163ರಲ್ಲಿ ಬಿಷಪ್ ಮೊರೀಸ್ ದ ಸುಲ್ಲಿ ಆರಂಭಿಸಿದ ಈ ಕೆಥೆಡ್ರಲ್ 2019ರ ಏಪ್ರಿಲ್ 15ರಂದು ಹೊತ್ತಿ ಉರಿದದ್ದನ್ನು ನಾವೂ ಮನೆಯ ಟಿ.ವಿ.ಯಲ್ಲಿ ನೋಡಿದ್ದೆವು, 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. ಉರಿದದ್ದು "ಕಾಡು" ಎಂದೇ ಕರೆಯುತ್ತಿದ್ದ ಓಕ್ ಮರದ ಸೂರು. ಅದರಡಿಯ ಕಲ್ಲಿನ ಮಾಡು ಗೇಣಿಗಿಂತ ತೆಳುವಾದದ್ದು. ಶಿಖರ ಬಿದ್ದಲ್ಲಿ ತೂತಾಯಿತು, ಉಳಿದೆಡೆ ತಡೆದುಕೊಂಡಿತು. ಬೆಂಕಿ ಆರಿದ ಮೇಲೆ ಎಂಜಿನಿಯರುಗಳು ಮಾಡಿದ ಮೊದಲ ಕೆಲಸಗಳಲ್ಲೊಂದು ನನಗೆ ಬಹಳ ಅರ್ಥಪೂರ್ಣವೆನಿಸಿತು. ಒಳಗಿನ ಮಾಡು ಕುಸಿದರೆ ಹೊರಗಿನಿಂದ ತಳ್ಳುತ್ತಿರುವ ಊರೆಗಳಿಗೆ ಎದುರು ಒತ್ತುವವರಿಲ್ಲದೆ ಅವೇ ಗೋಡೆಯನ್ನು ಒಳಕ್ಕೆ ನೂಕುತ್ತವೆ. ಅದಕ್ಕಾಗಿ 28 ಊರೆಗಳ ಕೆಳಗೂ ಅಳತೆಗೆ ತಕ್ಕಂತೆ ಮರದ ಸೆಂಟ್ರಿಂಗ್ ಕೂರಿಸಿದರು. ಜಗಳಗಂಟ ದಾಯಾದಿಗಳು ಒಬ್ಬರನ್ನೊಬ್ಬರು ನೂಕುತ್ತಾ ಮನೆಯನ್ನು ನಿಲ್ಲಿಸಿಕೊಂಡಂತೆ ಈ ಕಟ್ಟಡ. ಈಗ ಒಳಗಿನ ಕಲ್ಲು ನಿನ್ನೆ ಕಡಿದಂತೆ ಬೆಳ್ಳಗಿದೆ, ಜನಜಂಗುಳಿಯಲ್ಲಿ ನಿಂತು ನೋಡುವುದಕ್ಕೆ ಮಾತ್ರ ಬಿಡುವಿಲ್ಲ.

ಐದನೆಯ ದಿನ, ಭಾನುವಾರ: ಲಾಂ

ಗಾರ್ ದ್ಯು ನಾರ್‌ನಲ್ಲಿ ಪ್ಲಾಟ್‌ಫಾರ್ಮ್ ಹುಡುಕುವುದರಲ್ಲಿ ಬೆಳಗಿನ ರೈಲು ತಪ್ಪಿತು. ತಪ್ಪು ನನ್ನದೇ, ಟಿಕೆಟ್ಟಿನ ಮೇಲಿನ ಸಮಯವನ್ನು ಓದಿದ ಕನ್ನಡಕ ಹಳೆಯದು. ಊರು ಬಯಲಿನ ನಡುವೆ ಒಂಟಿಯಾಗಿ ಎದ್ದ ಗುಡ್ಡದ ಮೇಲಿದೆ, ನಿಲ್ದಾಣ ಕೆಳಗಿದೆ. ಮಳೆಯಲ್ಲಿ ಮೆಟ್ಟಿಲು ಹತ್ತಿ ಮೇಲೆ ಬರುವ ಹೊತ್ತಿಗೆ ಇಬ್ಬರ ಬೂಟುಗಳೂ ನೆನೆದಿದ್ದವು. ಲಾಂ ಕೆಥೆಡ್ರಲ್ ಶಾರ್ತ್ರ್‌ಗಿಂತ ಒಂದು ತಲೆಮಾರು ಹಿರಿಯದು, 12ನೇ ಶತಮಾನದ ಉತ್ತರಾರ್ಧದ್ದು, ನಾಲ್ಕು ಅಂತಸ್ತಿನ ಒಳಗೋಡೆಯದು. ಆದರೆ ನಾವು ಹತ್ತಿದ್ದು ಅದಕ್ಕಲ್ಲ, ಎತ್ತುಗಳಿಗಾಗಿ.

ಪಶ್ಚಿಮದ ಗೋಪುರಗಳ ತುದಿಯಲ್ಲಿ, ಕಂಬಗಳ ಸಂದಿನಿಂದ ಹದಿನಾರು ಕಲ್ಲಿನ ಎತ್ತುಗಳು ಕತ್ತು ಚಾಚಿ ಬಯಲನ್ನು ನೋಡುತ್ತಿವೆ. ಸಂತರೂ ಅಲ್ಲ, ದೊರೆಗಳೂ ಅಲ್ಲ. ಕಲ್ಲುಗಾಡಿಯನ್ನು ಈ ಗುಡ್ಡಕ್ಕೆ ಎಳೆದು ತಂದ ದನಗಳಿಗೆ ಕಟ್ಟಿದವರು ಕೊಟ್ಟ ಮರ್ಯಾದೆ ಎನ್ನುತ್ತಾರೆ. ಏರುದಾರಿಯಲ್ಲಿ ಒಂದು ಎತ್ತು ಸೋತು ಬಿದ್ದಾಗ ಎಲ್ಲಿಂದಲೋ ಬಂದ ಮತ್ತೊಂದು ನೊಗಕ್ಕೆ ಕತ್ತು ಕೊಟ್ಟು, ಕಲ್ಲು ಮೇಲೆ ತಲುಪಿದೊಡನೆ ಮಾಯವಾಯಿತೆಂಬ ಕಥೆಯನ್ನು ನೊಜಾಂನ ಮಠಾಧಿಪತಿ ಗಿಬೇರ್ ಈ ಕಟ್ಟಡಕ್ಕೂ ಮೊದಲೇ, ಹಿಂದಿನ ಚರ್ಚಿನ ದುರಸ್ತಿಯ ಸಂದರ್ಭದಲ್ಲಿ ಬರೆದಿಟ್ಟಿದ್ದಾನೆ. ನನ್ನಾಕೆ ಛತ್ರಿಯಡಿಯಲ್ಲಿ ನಿಂತು ಎರಡೂ ಗೋಪುರಗಳ ಎತ್ತುಗಳನ್ನು ಎಣಿಸಿದಳು. ನೆಲದಿಂದ ಹದಿನಾರೂ ಒಟ್ಟಿಗೆ ಕಾಣುವುದಿಲ್ಲ, ಸುತ್ತುಬರಬೇಕು. "ನಂದಿ ಒಳಗೆ ನೋಡ್ತಾನೆ, ಇವು ಹೊರಗೆ ನೋಡ್ತಾವೆ" ಎಂದಳು. 13ನೇ ಶತಮಾನದ ವಿಯಾರ್ ದ ಒನೆಕೂರ್ ಎಂಬ ಅಲೆಮಾರಿ ನಕ್ಷೆಗಾರ ಈ ಗೋಪುರದ ಚಿತ್ರವನ್ನು ಬರೆದುಕೊಂಡು, ಇಂಥದನ್ನು ತಾನು ಬೇರೆಲ್ಲೂ ಕಂಡಿಲ್ಲವೆಂದು ಟಿಪ್ಪಣಿ ಹಾಕಿದ್ದಾನೆ. ಅವನ ಚಿತ್ರದಲ್ಲೂ ಎತ್ತುಗಳಿವೆ.

ಆರನೆಯ ದಿನ, ಸೋಮವಾರ: ಅಮಿಯಾಂ

1220ರಲ್ಲಿ ಬಿಷಪ್ ಎವ್ರಾರ್ ದ ಫುಯ್ವಾ ಅಡಿಗಲ್ಲು ಹಾಕಿಸಿದ ಇದು ಒಳಗಿನ ವಿಸ್ತಾರದಲ್ಲಿ ಫ್ರಾನ್ಸಿನ ಅತಿ ದೊಡ್ಡ ಗಾಥಿಕ್ ಕೆಥೆಡ್ರಲ್. ನಡುಅಂಕಣದ ಮಾಡು 42.3 ಮೀಟರ್ ಎತ್ತರ. ಶಿಲ್ಪಿಗಳ ಹೆಸರು ಅಪರೂಪಕ್ಕೆ ಉಳಿದಿದೆ: ರೊಬೇರ್ ದ ಲುಜಾರ್ಶ್, ತೊಮಾ ದ ಕೊರ್ಮೊಂ, ಅವನ ಮಗ ರೆನೋ. ಮೂವರ ಹೆಸರನ್ನೂ ನೆಲದ ಚಕ್ರಬಿಂಬಕೋಟೆಯ ನಡುಗಲ್ಲಿನಲ್ಲಿ 1288ರಲ್ಲಿ ಕೊರೆಸಿದರು. ಮಲ್ಲಿತಮ್ಮನೂ ದಾಸೋಜನೂ ಪೀಠದ ಮೇಲೆ ಹೆಸರು ಕೆತ್ತಿದ ನಾಡಿನವರಿಗೆ ಇದು ಸಹಜವೆನಿಸಬಹುದು, ಯೂರೋಪಿನಲ್ಲಿ ಇದು ವಿರಳ.

ಊರಿಗೆ ಇಷ್ಟು ಹಣ ಎಲ್ಲಿಂದ ಬಂತು? ದಕ್ಷಿಣದ ಹೊರಗೋಡೆಯಲ್ಲಿ ಉತ್ತರವಿದೆ. ಇಬ್ಬರು ವರ್ತಕರು ನಡುವೆ ತುಂಬಿದ ಚೀಲವೊಂದನ್ನು ಇಟ್ಟುಕೊಂಡು ನಿಂತಿದ್ದಾರೆ. ಚೀಲದಲ್ಲಿರುವುದು ವೋಡ್ ಎಂಬ ಗಿಡದ ಸೊಪ್ಪಿನಿಂದ ಮಾಡಿದ ನೀಲಿ ಬಣ್ಣದ ಸರಕು. ಸೊಪ್ಪನ್ನು ಅರೆದು ಉಂಡೆ ಕಟ್ಟಿ ಒಣಗಿಸಿ ಮತ್ತೆ ಕೊಳೆಸಿ ಬಣ್ಣ ತೆಗೆಯುತ್ತಿದ್ದರು. ಅಮಿಯಾಂ ಸೀಮೆಯ ಈ ನೀಲಿ ಇಂಗ್ಲೆಂಡಿನ ಬಟ್ಟೆ ನೇಯುವವರಿಗೆ ಹೋಗುತ್ತಿತ್ತು. ಸಮುದ್ರಮಾರ್ಗದಲ್ಲಿ ಹಿಂದೂಸ್ತಾನದ ನೀಲಿ ಬಂದು ಯೂರೋಪಿನ ಈ ವ್ಯಾಪಾರವನ್ನು ನೆಲಕಚ್ಚಿಸಿದ್ದು ಆಮೇಲಿನ ಮಾತು. ಆ ವರ್ತಕರ ಮುಖ ನೋಡುವಾಗ ನಮ್ಮ ಕಡೆಯವರ ಪರವಾಗಿ ಸ್ವಲ್ಪ ಮುಜುಗರವಾಯಿತು.

ಒಳಗೆ ಬಂದು ನಾಲ್ಕು ದಿಕ್ಕಿನ ಅಂಕಣಗಳು ಕೂಡುವ ಕಡೆ ನಿಂತು, ಮೂಲೆಯ ದೊಡ್ಡ ಕಂಬಗಳ ಮೇಲೆ ಕಣ್ಣು ಹಾಯಿಸಿ, ತೂಗುಗುಂಡು ಬಿಟ್ಟ ಹಾಗೆ ಮೇಲಿನಿಂದ ಕೆಳಗೆ ಇಳಿಸಿದರೆ ಕಂಬ ನೆಟ್ಟಗಿಲ್ಲವೆಂಬುದು ಗೊತ್ತಾಗುತ್ತದೆ. ಕೆಳಗಿನ ಕಮಾನುಸಾಲುಗಳ ಒದೆತಕ್ಕೆ ಅವು ನಡುವಿನಲ್ಲಿ ಬಿಲ್ಲಿನಂತೆ ಬಾಗಿವೆ. ಹೊರಗಿನ ಊರೆಗಳು ಮಾಡಿನ ಒದೆತವನ್ನು ಹಿಡಿಯುತ್ತವೆ, ಆದರೆ ಕಟ್ಟಡದ ಉದ್ದಕ್ಕೂ ಸಾಗಿಬರುವ ಈ ಒದೆತಕ್ಕೆ ಊರೆ ಕೊಡಲು ಜಾಗವೇ ಇಲ್ಲ. 15ನೇ ಶತಮಾನದ ಕೊನೆಯಲ್ಲಿ ಮೇಸ್ತ್ರಿ ಪಿಯೇರ್ ತಾರಿಸೆಲ್ ನಡುಅಂತಸ್ತಿನ ಕಿರುಓಣಿಯೊಳಗೆ ಕಬ್ಬಿಣದ ಸರಪಳಿ ಸುತ್ತಿಸಿದ. ಗಾಡಿಚಕ್ರಕ್ಕೆ ಪಟ್ಟಾ ಬಿಗಿಯುವ ಕಮ್ಮಾರನ ಉಪಾಯ. ಐನೂರಕ್ಕೂ ಹೆಚ್ಚು ವರ್ಷವಾಯಿತು, ಸರಪಳಿ ಇಂದಿಗೂ ಎಳೆದು ಹಿಡಿದಿದೆ. ಕೆಳಗೆ ಓಡಾಡುವವರಲ್ಲಿ ಯಾರಿಗೂ ಅದು ಕಾಣದು.

ಏಳನೆಯ ದಿನ, ಮಂಗಳವಾರ: ಬೋವೆ

ಅಮಿಯಾಂನಿಂದ ಬಸ್ಸಿನಲ್ಲಿ ಬಂದೆವು. 1940ರ ಜೂನಿನ ಬಾಂಬುಗಳಿಗೆ ಹಳೆಯ ಊರು ಸುಟ್ಟುಹೋಗಿದ್ದರಿಂದ ಸುತ್ತಲ ಮನೆಗಳೆಲ್ಲ ಹೊಸವು. ನಡುವೆ ಅರ್ಧ ಮಾತ್ರ ಇರುವ ಕೆಥೆಡ್ರಲ್. ಪೂಜಾಭಾಗವಿದೆ, ಅಡ್ಡ ಅಂಕಣವಿದೆ, ಜನ ನಿಲ್ಲಬೇಕಾದ ಉದ್ದನೆಯ ನಡುಅಂಕಣ ಇಲ್ಲವೇ ಇಲ್ಲ.

1225ರಲ್ಲಿ ಆರಂಭಿಸಿದವರ ಹಂಬಲ ಎತ್ತರ. ಮಾಡನ್ನು ಸುಮಾರು 48 ಮೀಟರಿಗೆ ಒಯ್ದರು. ಗಾಥಿಕ್ ಕೆಥೆಡ್ರಲ್‌ಗಳಲ್ಲಿ ಇದಕ್ಕಿಂತ ಎತ್ತರದ ಮಾಡು ಇನ್ನೊಂದಿಲ್ಲ. 1272ರಲ್ಲಿ ಮುಗಿಯಿತು, 1284ರಲ್ಲಿ ಅದರ ಭಾಗ ಕುಸಿಯಿತು. ಯಾಕೆ ಕುಸಿಯಿತೆಂಬುದರ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ: ಊರೆಗಂಬಗಳು ತೀರ ತೆಳುವಾದವು ಎನ್ನುವವರಿದ್ದಾರೆ, ಗಾಳಿಯ ಹೊಡೆತ ಎನ್ನುವವರಿದ್ದಾರೆ. ಮತ್ತೆ ಕಟ್ಟಿದವರು ವಾದಕ್ಕೆ ಹೋಗದೆ ಪ್ರತಿ ಎರಡು ಕಂಬಗಳ ನಡುವೆ ಇನ್ನೊಂದು ಕಂಬ ಹಾಕಿದರು. ಅಗಲವಾದ ಹಳೆಯ ಕಮಾನಿನ ಹೊಟ್ಟೆಯೊಳಗೆ ಎರಡು ಇಕ್ಕಟ್ಟಾದ ಹೊಸ ಕಮಾನುಗಳು ಕೂತಿರುವುದು ಈಗಲೂ ಸ್ಪಷ್ಟವಾಗಿ ಕಾಣುತ್ತದೆ. ಮುರಿದ ಮೂಳೆ ಕೂಡಿಕೊಂಡ ಗಂಟಿನ ಹಾಗೆ.

ಅಷ್ಟಕ್ಕೂ ಬುದ್ಧಿ ಬರಲಿಲ್ಲ. 16ನೇ ಶತಮಾನದಲ್ಲಿ ಅಡ್ಡ ಅಂಕಣ ಕಟ್ಟಿದ ಮೇಲೆ, ಇದ್ದ ಹಣವನ್ನು ನಡುಅಂಕಣಕ್ಕೆ ಹಾಕುವ ಬದಲು ಕೂಡುವ ಜಾಗದ ಮೇಲೆ 153 ಮೀಟರ್ ಎತ್ತರದ ಶಿಖರ ನಿಲ್ಲಿಸಿದರು, 1569ರಲ್ಲಿ ಮುಗಿಯಿತು. ನಾಲ್ಕು ಕಂಬಗಳಲ್ಲಿ ಪೂರ್ವದ ಎರಡಕ್ಕೆ ಪೂಜಾಭಾಗದ ಆಸರೆ, ಪಶ್ಚಿಮದ ಎರಡಕ್ಕೆ ಬೆನ್ನ ಹಿಂದೆ ಏನೂ ಇಲ್ಲ. ಕಂಬ ವಾಲುತ್ತಿದೆಯೆಂದು ತಜ್ಞರು ಮೊದಲೇ ಎಚ್ಚರಿಸಿದ್ದರು, ಏನು ಮಾಡಬೇಕೆಂಬ ಚರ್ಚೆಯೂ ನಡೆದಿತ್ತು. 1573ರ ಏಪ್ರಿಲ್ 30, ಯೇಸುವಿನ ಸ್ವರ್ಗಾರೋಹಣದ ಹಬ್ಬದ ದಿನ, ಮೆರವಣಿಗೆ ಹೊರಗೆ ಹೋಗಿದ್ದಾಗ ಶಿಖರ ಕುಸಿದುಬಿತ್ತು. ಜನರ ಪ್ರಾಣಕ್ಕೆ ಅಪಾಯವಾಗಲಿಲ್ಲ. ಮಾಡನ್ನು ದುರಸ್ತಿ ಮಾಡುವುದರಲ್ಲೇ ಹಣ ಕರಗಿತು, ಶಿಖರ ಮತ್ತೆ ಏಳಲಿಲ್ಲ.

1960ರ ದಶಕದಲ್ಲಿ ಹೊರಗಿನ ಊರೆಗಳ ನಡುವಿನ ಕಬ್ಬಿಣದ ಸರಳುಗಳು ನೋಟಕ್ಕೆ ಚೆನ್ನಾಗಿಲ್ಲವೆಂದು ತೆಗೆದುಹಾಕಿದರು. ಗಾಳಿಗೆ ಊರೆಗಳು ತೂಗತೊಡಗಿದ ಮೇಲೆ ಮತ್ತೆ ಉಕ್ಕಿನ ಸರಳು ಹಾಕಬೇಕಾಯಿತು. ಒಳಗೆ ಉತ್ತರದ ಅಡ್ಡ ಅಂಕಣದಲ್ಲಿ 1990ರ ದಶಕದಲ್ಲಿ ನಿಲ್ಲಿಸಿದ ಮರ ಮತ್ತು ಉಕ್ಕಿನ ದೈತ್ಯ ಆಸರೆಗಳು ಓರೆಯಾಗಿ ಗೋಡೆಗೆ ಆನಿಕೊಂಡಿವೆ. ಅದರ ಹತ್ತಿರದಲ್ಲೇ 1860ರ ದಶಕದಲ್ಲಿ ವೆರಿತೆ ಎಂಬಾತ ಮಾಡಿದ 90,000 ಬಿಡಿಭಾಗಗಳ ಖಗೋಳ ಗಡಿಯಾರವಿದೆ. ಪ್ರವಾಸಿಗರೆಲ್ಲ ಅದರ ಮುಂದೆ ಕೂತಿದ್ದರು. ನಾನು ಆಸರೆಯ ಬುಡಕ್ಕೆ ಹೋಗಿ ಮರದ ಮೇಲೆ ಕೈಯಿಟ್ಟೆ. ಏಳು ದಿನಗಳಲ್ಲಿ ನೋಡಿದ ಊರೆಗಳೆಲ್ಲ ಹೊರಗಿದ್ದವು. ಒಳಗೇ ಬಂದು ನಿಂತ ಊರೆ ಇದೊಂದೇ.

ನನ್ನಾಕೆ ಎಲ್ಲೂ ಕಾಣಲಿಲ್ಲ. ಹೊರಗೆ ಹುಡುಕಿದಾಗ ಪಶ್ಚಿಮದ ಕಡೆ, ನಡುಅಂಕಣ ಬರಬೇಕಾಗಿದ್ದ ಜಾಗದಲ್ಲಿ, ಹತ್ತನೆಯ ಶತಮಾನದ ಪುಟ್ಟ ಚರ್ಚಿನ ಗೋಡೆಗೆ ಒರಗಿ ನಿಂತಿದ್ದಳು. ಬಾಸ್ ಎವ್ರ್ ಎಂದು ಅದರ ಹೆಸರು, ತಗ್ಗಿನ ಕಟ್ಟಡ ಎಂಬರ್ಥ. ಗೋಡೆ ದಪ್ಪ, ಕಿಟಕಿ ಚಿಕ್ಕವು, ರೋಮನ್ನರ ಕಾಲದ ಕಟ್ಟಡಗಳಿಂದ ತೆಗೆದ ಅಂಗೈಯಗಲದ ಕಲ್ಲುಗಳು ಸಾಲುಸಾಲು. ಹೊಸ ಕೆಥೆಡ್ರಲ್ ಮುಂದುವರಿದಿದ್ದರೆ ಇದನ್ನು ಪೂರ್ತಿ ಕೆಡವುತ್ತಿದ್ದರು; ಆಗಲೇ ಹಿಂಭಾಗವನ್ನು ಕೆಡವಿಯೂ ಇದ್ದರು. ಹಣ ಮುಗಿದದ್ದರಿಂದ ಮುಂದಿನ ಅಂಕಣಗಳು ಉಳಿದುಕೊಂಡವು.

"ಇದಕ್ಕೆ ಯಾವ ಊರೆಯೂ ಇಲ್ವಲ್ಲ ರೀ" ಎಂದಳು. ಇಲ್ಲ ಎಂದೆ. ಇದಕ್ಕೆ ಕಲ್ಲಿನ ಮಾಡಿಲ್ಲ, ಮರದ ಸೂರು. ಗೋಡೆಯನ್ನು ಹೊರಕ್ಕೆ ಒದೆಯುವುದಕ್ಕೆ ಮೇಲೆ ಕಮಾನೇ ಇಲ್ಲ. ಸಂಜೆ ಐದೂವರೆಯ ಪ್ಯಾರಿಸ್ ರೈಲಿಗೆ ಇನ್ನೂ ಹೊತ್ತಿತ್ತು. ಬುತ್ತಿಯಲ್ಲಿ ಉಳಿದಿದ್ದ ಚಪಾತಿಯನ್ನು ಆ ಗೋಡೆಯ ಬುಡದಲ್ಲೇ ಕೂತು ಮುಗಿಸಿದೆವು.